ಉಳಿದುಹೋದ ಏದುಸಿರು

2020ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ ಜಿಲ್ಲೆಯ ಕೋವಿಡ್ ಆಸ್ಪತ್ರೆಯಾದಾಗ ನಮಗೆಲ್ಲ ಶ್ವಾಸಕೋಶದ್ದೇ ಭಯ. 2021ರ ಎರಡನೇ ಅಲೆಯಲ್ಲಿ ಕಾಪುವಿನ ನಮ್ಮ ನಾನಾ ಕೋವಿಡ್‌ನಿಂದ ಆಸ್ಪತ್ರೆ ಸೇರಿದರು. ಅವರ ರಕ್ತದಲ್ಲಿ ಟ್ರೋಪೋನಿನ್ ಹೆಚ್ಚಾಗಿದೆ ಎಂದರು ಡಾಕ್ಟರ್. ಅದು ಹೃದಯದ ಸ್ನಾಯುವಿನ ಪ್ರೋಟೀನ್. ಅಲ್ಲಿನ ಜೀವಕೋಶಗಳಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಸೋಂಕು ಜೋರಾದಾಗ ಆಮ್ಲಜನಕದ ಕೊರತೆ, ಉರಿಯೂತ, ಹೆಪ್ಪುಗಟ್ಟಿದ ರಕ್ತ, ಎಲ್ಲವೂ ಹೃದಯಕ್ಕೆ ಹೊರೆ.

ನಾನಾ ಗುಣವಾಗಿ ಮನೆಗೆ ಬಂದರು. ಕೆಮ್ಮು ಹೋಯಿತು, ಮಸೀದಿಯ ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಗಲಿಲ್ಲ. "ವಯಸ್ಸಾಯ್ತು ಬೇಟಾ" ಎನ್ನುತ್ತಿದ್ದರು. ಅಮ್ಮಿ ಕೇಳಲಿಲ್ಲ, ಮಣಿಪಾಲಕ್ಕೆ ಕರೆದೊಯ್ದು ಎಕೋ ಮಾಡಿಸಿದರು. ಹೃದಯದ ಪಂಪಿಂಗ್ ಕಡಿಮೆಯಿತ್ತು, ಮಾತ್ರೆ ಶುರುವಾಯಿತು. ಈಗ ಅಸರ್ ನಮಾಜಿಗೆ ನಡೆದೇ ಹೋಗುತ್ತಾರೆ.

ಗೆಳೆಯರೇ, ಜೋರು ಸೋಂಕಿನಿಂದ ಎದ್ದ ಹಿರಿಯರಿಗೆ ಏದುಸಿರೋ ಕಾಲುಬಾವೋ ಉಳಿದರೆ ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ, ಡಾಕ್ಟರಿಗೆ ತೋರಿಸಿ.