ಆಕಾಶದಲ್ಲಿ ನೆನಪಾದ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಅಪ್ಪಣೆಯಾದಾಗ, ಇಲ್ಲಿ ಕಲಿತ ಒಂದು ಪಾಠವು ನನ್ನ ಧೈರ್ಯವನ್ನು ಕಾಪಾಡಿದ ಸಂಗತಿಯನ್ನೇ ತಿಳಿಸುವುದು ಯುಕ್ತವೆಂದು ತೋರಿತು.

ನಾನು ವಿಮಾನ ನಡೆಸುವುದನ್ನು ಕಲಿಯುತ್ತಿದ್ದ ಕಾಲವದು. ಒಂದು ಸಂಜೆ ನಾಲ್ಕು ಆಸನಗಳ ಸಣ್ಣ ವಿಮಾನದಲ್ಲಿ ಒಬ್ಬಳೇ ನಿಲ್ದಾಣಕ್ಕೆ ಹಿಂದಿರುಗುತ್ತಿದ್ದೆನು. ಇಳಿಯಲು ಅನುಮತಿಯನ್ನು ಬೇಡುತ್ತಿದ್ದಂತೆಯೇ ರೇಡಿಯೋ ಗೊರಗೊರನೆ ಸದ್ದುಮಾಡಿ ಸುಮ್ಮನಾಯಿತು. ಅಮ್ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ ವಾಲಿತ್ತು. ಆಲ್ಟರ್ನೇಟರು ಯಾವಾಗಲೋ ಕೆಟ್ಟು, ಬ್ಯಾಟರಿಯೊಂದೇ ಎಲ್ಲಕ್ಕೂ ವಿದ್ಯುತ್ತನ್ನೊದಗಿಸಿ ಬರಿದಾಗುತ್ತ ಬಂದಿತ್ತು. ಮೊದಲೇ ಕಂಡಿದ್ದರೆ ಬೇಡವಾದ ದೀಪಗಳನ್ನು ಆರಿಸಿ ಅದನ್ನು ಉಳಿಸಬಹುದಾಗಿತ್ತು. ಆ ಮುಳ್ಳನ್ನು ಆಗಾಗ ನೋಡುತ್ತಿರಬೇಕೆಂಬ ನಿಯಮವನ್ನು ಮರೆತವಳು ನಾನೇ.

ಎಂಜಿನು ಈಗಲೇ ನಿಂತುಹೋಗುವುದೆಂದು ಎದೆ ನಡುಗಿತು. ಆಗ, ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿ, ಬ್ಯಾಟರಿಯಿಲ್ಲದೆಯೇ ಗ್ಯಾಲ್ವನಾಮೀಟರಿನ ಮುಳ್ಳನ್ನು ಕುಣಿಸಿದ ದಿನವು ಕಣ್ಣಮುಂದೆ ಬಂದಿತು. 1831ರಲ್ಲಿ ಮೈಕೇಲ್ ಫ್ಯಾರಡೇ ಕಂಡುಹಿಡಿದ ಈ ತತ್ತ್ವದಿಂದಲೇ ಎಂಜಿನಿನ ಎರಡು ಮ್ಯಾಗ್ನೀಟೋಗಳು ಕಿಡಿಯನ್ನು ಹುಟ್ಟಿಸುತ್ತವೆ. ಅವಕ್ಕೆ ಬ್ಯಾಟರಿಯ ಹಂಗಿಲ್ಲ. ವೇಗಮಾಪಕವು ಗಾಳಿಯ ಒತ್ತಡದಿಂದ ನಡೆಯುತ್ತದೆ. ವಿಮಾನವನ್ನು ತಿರುಗಿಸುವ, ಏರಿಳಿಸುವ ಹಲಗೆಗಳನ್ನು ಉಕ್ಕಿನ ತಂತಿಹಗ್ಗಗಳು ಎಳೆಯುತ್ತವೆ. ಕಳೆದುಹೋದುದಕ್ಕಿಂತ ಉಳಿದುದೇ ಹೆಚ್ಚೆಂದು ಮನಸ್ಸು ಸ್ಥಿಮಿತಕ್ಕೆ ಬಂದಿತು.

ಆದರೆ ರೆಕ್ಕೆಯ ಫ್ಲಾಪುಗಳು ಆ ವಿಮಾನದಲ್ಲಿ ವಿದ್ಯುತ್ತಿನಿಂದಲೇ ಇಳಿಯತಕ್ಕವು. ಗುಂಡಿಯನ್ನು ಒತ್ತಿದರೂ ಅವು ಅಲುಗಲಿಲ್ಲ. ಆದಕಾರಣ ಮೊದಲನೆಯ ಸಾರಿ ತೀರ ಎತ್ತರದಲ್ಲಿ ಬಂದೆನು. ಕತ್ತಲೆ ಸಮೀಪಿಸುತ್ತಿದ್ದರೂ, ಹೇಗಾದರೂ ಇಳಿದುಬಿಡಬೇಕೆಂಬ ಹಟವನ್ನು ಬಿಟ್ಟು ಪುನಃ ಮೇಲಕ್ಕೇರಿದೆನು. ಗೋಪುರದಲ್ಲಿ ಕೆಂಪು ದೀಪವು ಸ್ಥಿರವಾಗಿ ಬೆಳಗಿತು. ಬೇರೊಂದು ವಿಮಾನಕ್ಕೆ ದಾರಿಬಿಟ್ಟು ಸುತ್ತುತ್ತಿರಬೇಕೆಂದು ಅದರ ಅರ್ಥ. ಹಾಗೆಯೇ ಸುತ್ತಿದೆನು. ಬಳಿಕ, ಇಳಿಯಬಹುದೆಂದು ತಿಳಿಸುವ ಹಸುರು ದೀಪವು ಕಾಣಿಸಿತು. ರೆಕ್ಕೆಗಳನ್ನು ತೂಗಿ ಉತ್ತರಕೊಟ್ಟು, ಈ ಸಾರಿ ದೂರದಿಂದಲೇ ತಗ್ಗಿ, ವೇಗವನ್ನು ತುಸು ಹೆಚ್ಚಾಗಿ ಇಟ್ಟು, ಓಡುದಾರಿಯ ಆರಂಭದಲ್ಲಿಯೇ ಚಕ್ರಗಳನ್ನು ಊರಿದೆನು. ವಿಮಾನವು ಎಂದಿಗಿಂತ ಬಹುದೂರ ಓಡಿ ನಿಂತಿತು.

ನನ್ನ ಶಿಕ್ಷಕರು ಹತ್ತಿರಕ್ಕೆ ಬಂದು, “ಆ ಮುಳ್ಳನ್ನು ಎಷ್ಟು ಹೊತ್ತಿನಿಂದ ನೋಡಿರಲಿಲ್ಲವಮ್ಮಾ?” ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಕಡೆಗೆ ಕಣ್ಣು ಹಾಯಿಸದೆ ಐದು ನಿಮಿಷವೂ ಹಾರಿದವಳಲ್ಲ.

ಆ ಹಳೆಯ ಅಯಸ್ಕಾಂತವು ಈಗಲೂ ಶಾಲೆಯ ಬೀರುವಿನಲ್ಲಿದ್ದರೆ, ಅದನ್ನು ದೂರದಿಂದ ತೋರಿಸದೆ, ಹುಡುಗಿಯರ ಕೈಗೇ ಕೊಟ್ಟು ಆಡಿಸಲು ಬಿಡಬೇಕೆಂದು ಉಪಾಧ್ಯಾಯಿನಿಯರಲ್ಲಿ ನನ್ನ ವಿನಮ್ರ ಬಿನ್ನಹ.