ಕುಂಟಿ ದಿಂಡಿನ ಚೌಕಟ್ಟು

ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಈಗ ಅಗ್ಗದ ಕನ್ನಡಿ ಎಂದರೆ ಗುಲಾಬಿ ಇಲ್ಲವೆ ಹಸಿರು ಪ್ಲಾಸ್ಟಿಕ್ ಅಂಚಿನ ಕನ್ನಡಿ. ಬರೀ ಗಾಜು ತಂದು ಬಡಿಗೇರರ ಕೈಗೆ ಕೊಟ್ಟು, ನಾಲ್ಕು ಕಟ್ಟಿಗೆ ಪಟ್ಟಿಯ ಚೌಕಟ್ಟು ಹಾಕಿಸಿಕೊಳ್ಳುವ ರೂಢಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ನಮ್ಮ ಕಣ್ಣೆದುರೇ ಮುಗಿಯಿತು. ಯಾಕೆ ಮುಗಿಯಿತು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಪ್ಲಾಸ್ಟಿಕ್ ಬಂತು, ಕಟ್ಟಿಗೆ ಹೋಯಿತು. ಈ ಉತ್ತರವನ್ನು ನಾನು ಒಪ್ಪಲಾರೆ. ಊರಿಗೆ ಟ್ರ್ಯಾಕ್ಟರು ಬಂದಾಗಲೇ ಆ ಚೌಕಟ್ಟಿನ ಆಯುಷ್ಯ ತೀರಿತ್ತು. ಪ್ಲಾಸ್ಟಿಕ್ಕು ಆಮೇಲೆ ಬಂದು ಖಾಲಿ ಮೊಳೆಗೆ ನೇತುಬಿದ್ದಿತು ಅಷ್ಟೆ. ಕನ್ನಡಿಗೂ ಉಳುಮೆಗೂ ಎಲ್ಲಿಯ ನಂಟು ಎನ್ನುವವರು ಮೊದಲು ಆ ಚೌಕಟ್ಟು ಯಾವ ಕಟ್ಟಿಗೆಯದು, ಯಾವ ಹೊತ್ತಿನದು ಎಂದು ನೋಡಬೇಕು.

ಅಗ್ಗದ ಕನ್ನಡಿಗೆ ಚೌಕಟ್ಟು ಅಲಂಕಾರಕ್ಕಾಗಿ ಇದ್ದದ್ದಲ್ಲ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುವ ಬಗೆ ಕಂಡುಕೊಂಡ ಮೇಲೆ ತವರ-ಪಾದರಸದ ಕನ್ನಡಿಗಳು ನಿಧಾನಕ್ಕೆ ಹಿಂದೆ ಸರಿದವು, ಬೆಳ್ಳಿಬೆನ್ನಿನ ಕನ್ನಡಿ ಸಾಮಾನ್ಯರ ಮನೆಗೂ ಇಳಿಯಿತು. ಆ ಬೆಳ್ಳಿಗೆ ಕಾವಲು ಅದರ ಬೆನ್ನಿಗೆ ಬಳಿದ ಬಣ್ಣ. ಅಗ್ಗದ ಗಾಜಿಗೆ ಬಣ್ಣ ತೆಳ್ಳಗೆ. ಕೊಯ್ದ ಅಂಚಿನಲ್ಲಂತೂ ಬೆಳ್ಳಿ ಬತ್ತಲೆ. ತೇವವೂ ಸುಣ್ಣದ ಕ್ಷಾರವೂ ಅಲ್ಲಿಂದಲೇ ಒಳನುಗ್ಗಿ ಕಪ್ಪು ಹಬ್ಬಿಸುತ್ತವೆ. ಮಣ್ಣಿನ ಗೋಡೆಗೆ ಸುಣ್ಣ ಬಳಿದ ಮನೆಯಲ್ಲಿ ಗಾಜು ಬಾಳಬೇಕಾದರೆ ಅದು ಗೋಡೆಗೆ ಮೈ ತಾಗಿಸಬಾರದು. ಚೌಕಟ್ಟು ಮಾಡುತ್ತಿದ್ದ ಮುಖ್ಯ ಕೆಲಸ ಅದೇ: ಗಾಜನ್ನು ಗೋಡೆಯಿಂದ ಈಚೆ ಹಿಡಿದು ನಡುವೆ ಗಾಳಿಗೆ ದಾರಿ ಬಿಡುವುದು, ಬತ್ತಲೆ ಅಂಚನ್ನು ಮುಚ್ಚುವುದು.

ಕೆಲಸ ಸರಳ, ಆದರೆ ಲೆಕ್ಕ ತಪ್ಪಿದರೆ ಕೆಡುವಂಥದ್ದು. ಒಂದೂವರೆ ಇಂಚು ಅಗಲದ ನಾಲ್ಕು ಪಟ್ಟಿ, ಒಳ ಅಂಚಿಗೆ ಗಾಜು ಕೂರುವ ಮೆಟ್ಟು, ಹಿಂದೆ ರಟ್ಟು ಅಥವಾ ಚಹಾ ಪೆಟ್ಟಿಗೆಯ ತೆಳು ಹಲಗೆ. ಪೇಟೆಯಲ್ಲಿ ಫೋಟೋ ಕಟ್ಟುವವರು ಮೂಲೆಯನ್ನು 45 ಡಿಗ್ರಿಗೆ ಓರೆ ಕೊಯ್ದು ಕೂಡಿಸುತ್ತಾರೆ; ನೋಡಲು ಚೆಂದ. ಆದರೆ ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು, ಕುಗ್ಗುವುದೆಲ್ಲ ಅಗಲಕ್ಕೆ. 40 ಡಿಗ್ರಿ ದಾಟುವ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಪಟ್ಟಿ ಕುಗ್ಗಿತೆಂದರೆ ಓರೆಕೀಲು ಒಳಮೂಲೆಯಿಂದ ಬಾಯಿ ಬಿಡುತ್ತದೆ. ಹಳ್ಳಿಯ ಕೆಲಸಕ್ಕೆ ಒಗ್ಗಿದ್ದು ಎರಡೂ ಪಟ್ಟಿಯ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸುವ ಕೀಲು. ಒರಟಾಗಿ ಕಾಣುತ್ತದೆ ನಿಜ, ಆದರೆ ಒಂದಿಷ್ಟು ಕುಗ್ಗಿದರೂ ಬಿಡುವುದಿಲ್ಲ. ಜಾಲಿ ಕಟ್ಟಿಗೆಗೆ ನೇರ ಮೊಳೆ ಹೊಡೆದರೆ ಸೀಳುತ್ತದೆ; ಬೈರಿಗೆಯಿಂದ ತೂತು ಕೊರೆದು ಬಿದಿರಿನ ಗೂಟ ಬಡಿಯಬೇಕು. ಗಾಜಿನ ಸುತ್ತ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಡಿಲು ಬಿಡಬೇಕು, ಯಾಕೆಂದರೆ ಮಳೆಗಾಲದಲ್ಲಿ ಪಟ್ಟಿ ಉಬ್ಬುತ್ತದೆ, ಗಾಜು ಉಬ್ಬುವುದಿಲ್ಲ. ಇಷ್ಟೆಲ್ಲ ಜಾಣತನವೂ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಕಟ್ಟಿಗೆ ಚೆನ್ನಾಗಿ ಪಳಗಿರಬೇಕು. ಹಸಿ ಕಟ್ಟಿಗೆಯ ಚೌಕಟ್ಟು ಯಾವ ಕೀಲು ಹಾಕಿದರೂ ತಿರುಚಿಕೊಳ್ಳುತ್ತದೆ, ತಿರುಚಿದ ಚೌಕಟ್ಟು ಗಾಜನ್ನು ಒಡೆಯುತ್ತದೆ.

ಪಳಗಿದ ಕಟ್ಟಿಗೆ ಎಲ್ಲಿಂದ ಬರುತ್ತಿತ್ತು? ಕೊಂಡು ತಂದದ್ದಲ್ಲ. ಸಾಗವಾನಿ ಕೊಂಡು ಚೌಕಟ್ಟು ಮಾಡಿದರೆ ಕನ್ನಡಿಗಿಂತ ಚೌಕಟ್ಟೇ ತುಟ್ಟಿ. ಆ ಲೆಕ್ಕ ಅಂದೂ ಕೂಡುತ್ತಿರಲಿಲ್ಲ, ಇಂದೂ ಕೂಡುವುದಿಲ್ಲ. ಬಡಿಗೇರರ ಮನೆಯ ಮುಂದೆ ಬಿದ್ದಿರುತ್ತಿದ್ದದ್ದು ಒಕ್ಕಲುತನದ ಹಳೆ ಸಾಮಾನು: ಹೊಲ ಹರಗುವ ಕುಂಟಿಯ ಸವೆದ ದಿಂಡು, ನೇಗಿಲಿನ ಮುರಿದ ಮೇಳಿ, ಬಿರುಕು ಬಿಟ್ಟ ನೊಗ, ಬೀಜ ಬಿತ್ತುವ ಕೂರಿಗಿಯ ತಾಳು, ಬಂಡಿ ಗಾಲಿಯಿಂದ ಬಿಚ್ಚಿದ ಅರಗಳು. ಜಾಲಿ, ಬೇವು ಹೀಗೆ ಊರ ಸುತ್ತಿನ ಗಿಡಗಳದೇ ಕಟ್ಟಿಗೆ. ಹತ್ತಾರು ವರ್ಷ ಎರೆ ಹೊಲದ ಬಿಸಿಲಿಗೆ ಒಣಗಿ, ಮಳೆಗೆ ನೆನೆದು, ಮತ್ತೆ ಒಣಗಿ, ಹಸಿತನದ ಕುಗ್ಗುವಿಕೆಯನ್ನು ಮೊದಲೇ ಮುಗಿಸಿದ ಕಟ್ಟಿಗೆ ಅದು. ದಿಂಡಾಗಿ ಮತ್ತೆ ಬಾರದು, ಒಲೆಗೆ ಹಾಕಲು ಮನಸ್ಸು ಬಾರದು. ಕೈಯಗಲದ ಕನ್ನಡಿಗೆ ಬೇಕಾದ ಒಂದು ಮೊಳ, ಅರ್ಧ ಮೊಳದ ಪಟ್ಟಿ ಅದರಲ್ಲಿ ಧಾರಾಳ ಸಿಗುತ್ತಿತ್ತು. ಅಂದರೆ ಪುಕ್ಕಟೆ ಸಿಗುವ ಆದರೆ ಅತ್ಯುತ್ತಮವಾಗಿ ಪಳಗಿದ ಕಟ್ಟಿಗೆ. ಇದಕ್ಕಿಂತ ಅಗ್ಗದ ಕಚ್ಚಾ ಸಾಮಗ್ರಿ ಯಾವ ಪ್ಲಾಸ್ಟಿಕ್ ಕಾರ್ಖಾನೆಗೂ ಸಿಕ್ಕಿರಲಾರದು.

ಹೊತ್ತಿನ ಲೆಕ್ಕವೂ ಹಾಗೆಯೇ. ಬಡಿಗೇರರಿಗೆ ರೈತರು ವರ್ಷಕ್ಕೊಮ್ಮೆ ಕಣದಲ್ಲಿ ಜೋಳದ ಆಯ ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಮುಂಗಾರಿಯ ಮುಂಚೆ ಉಳುವ ರಂಟಿ, ಕುಂಟಿ ಸರಿಮಾಡಬೇಕು; ಹಿಂಗಾರಿ ಜೋಳ ಬಿತ್ತುವ ಮೊದಲು ಕೂರಿಗಿಯ ಬಟ್ಟಲು, ತಾಳು ನೋಡಬೇಕು. ಆ ದಿನಗಳಲ್ಲಿ ಉಸಿರಾಡಲು ಪುರಸೊತ್ತಿಲ್ಲ. ನಡುವಿನ ತಿಂಗಳುಗಳಲ್ಲಿ ಕೆಲಸ ತೆಳು, ಆದರೂ ಬಡಿಗೇರ ಕಟ್ಟೆಯಲ್ಲಿ ಕೂತಿರಲೇಬೇಕು, ಯಾರ ಬಂಡಿ ಯಾವಾಗ ಮುರಿಯುತ್ತದೋ! ಚೌಕಟ್ಟು, ಮಣೆ, ಲಟ್ಟಣಿಗೆ, ಕೂಸಿನ ತೊಟ್ಟಿಲ ಕಾಲು ಇವೆಲ್ಲ ಆ ಮಿಕ್ಕ ಹೊತ್ತಿನ ಕೆಲಸ. ಕೂಲಿ ಎಂದು ಕೇಳಿದರೆ ನಾಲ್ಕು ಕಾಸು, ಇಲ್ಲವೆ ಒಂದು ಸೇರು ಕಾಳು. ಮಿಕ್ಕ ಕಟ್ಟಿಗೆಯೂ ಮಿಕ್ಕ ಹೊತ್ತೂ ಒಂದೇ ಕಟ್ಟೆಯ ಮೇಲೆ ಕೂಡಿದ್ದರಿಂದಲೇ ಅಗ್ಗದ ಕನ್ನಡಿಗೆ ತಕ್ಕ ಅಗ್ಗದ ಚೌಕಟ್ಟು ಹುಟ್ಟಿತು.

ಈ ಕೂಡಿಕೆ ಒಡೆಯಲು ಶುರುವಾದದ್ದು ಕಾಲುವೆಯಿಂದ. ತುಂಗಭದ್ರೆಯ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆಯ ಯೋಜನೆ ಬರೆದವರ ಮನಸ್ಸಿನಲ್ಲಿ ಹೆಚ್ಚಿನ ಪಾಲು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿದ್ದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಹೊಲ ಕೊಂಡು, ಕ್ಯಾಂಪು ಎಂಬ ವಸತಿ ಕಟ್ಟಿ, ಹೊಲ ಮಟ್ಟ ಮಾಡಿ ಭತ್ತ ನಾಟಿದರು. ನೋಡಿದ ಸ್ಥಳೀಕರೂ ನಾಟಿದರು. ಸಿಂಧನೂರು ಭತ್ತದ ಕಣಜವಾಯಿತು. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಕೆಸರು ಗದ್ದೆಗೆ ಕೂರಿಗಿ ಬೇಡ, ಕಳೆ ತೆಗೆಯುವ ಎಡಿಕುಂಟಿ ಬೇಡ. ಭತ್ತದ ದುಡ್ಡು ಬಂದಂತೆ ಕೇಜ್ ವೀಲಿನ ಟ್ರ್ಯಾಕ್ಟರು ಬಂತು, ಬಂಡಿಯ ಕೆಲಸ ಟ್ರಾಲಿಗೆ ಹೋಯಿತು, ಎತ್ತಿನ ಕೊಟ್ಟಿಗೆ ಖಾಲಿಯಾಯಿತು. ಕಾಲುವೆಯ ನೀರು ಏರದ ಮೇಲಿನ ಎರೆ ಹೊಲಗಳಲ್ಲಿ ಎತ್ತು ಇನ್ನಷ್ಟು ಕಾಲ ಉಳಿದವು, ಅವುಗಳ ಜೊತೆ ಬಡಿಗೇರ ಕಟ್ಟೆಯೂ ಉಳಿಯಿತು. ಎತ್ತು ಹೋದ ಕಡೆ ದಿಂಡು ಸವೆಯಲಿಲ್ಲ, ನೊಗ ಮುರಿಯಲಿಲ್ಲ. ಮುರಿಯದಿದ್ದರೆ ಮಿಕ್ಕುವುದೇನು?

ಕಬ್ಬಿಣ ಬಂದದ್ದು ಅದಕ್ಕೂ ಮೊದಲೇ ಅಲ್ಲವೇ ಎನ್ನಬಹುದು. ನಿಜ. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆ ಊರು ಕಟ್ಟುವ ಮೊದಲೇ ಕಬ್ಬಿಣದ ನೇಗಿಲು ಮಾಡಿದ್ದರು. ಆದರೆ ಅದು ತಟ್ಟಿದ್ದು ನೇಗಿಲೊಂದಕ್ಕೆ. ಕುಂಟಿ, ಕೂರಿಗಿ, ನೊಗ, ಬಂಡಿ ಕಟ್ಟಿಗೆಯಲ್ಲೇ ಉಳಿದವು. ಆದ್ದರಿಂದ ಕಟ್ಟೆಯೂ ಉಳಿಯಿತು, ಚೌಕಟ್ಟೂ ಉಳಿಯಿತು. ಕಬ್ಬಿಣದ ಒಂದು ಸಾಧನಕ್ಕೆ ಆಗದ್ದು ಎತ್ತನ್ನೇ ಕೊಟ್ಟಿಗೆಯಿಂದ ಹೊರಡಿಸಿದ ಎಂಜಿನ್ನಿಗೆ ಆಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಈಗ ಮನೆ ಕಟ್ಟುವುದು ಹೆಚ್ಚಾಗಿದೆ, ಬಾಗಿಲು ಕಿಟಕಿಯ ಕೆಲಸದಲ್ಲಿ ತುಂಡು ಸಾಗವಾನಿ ಬೇಕಾದಷ್ಟು ಮಿಗುತ್ತದೆ, ಸಾಮಿಲ್ಲಿನಲ್ಲಿ ರಾಶಿ ಬಿದ್ದಿರುತ್ತದೆ. ಅದರಿಂದ ಯಾಕೆ ಚೌಕಟ್ಟು ಆಗಬಾರದು? ಕಟ್ಟಿಗೆ ಇದೆ, ಒಪ್ಪುತ್ತೇನೆ. ಹೊತ್ತಿಲ್ಲ. ಇಂದಿನ ಬಡಿಗೇರ ದಿನಗೂಲಿಗೋ ಗುತ್ತಿಗೆಗೋ ಸೈಟಿನಲ್ಲಿ ದುಡಿಯುತ್ತಾನೆ. ಅವನ ಪ್ರತಿ ತಾಸಿಗೂ ಬೆಲೆಯಿದೆ, ಮತ್ತು ಆ ಬೆಲೆ ಪ್ಲಾಸ್ಟಿಕ್ ಕನ್ನಡಿಯ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಬಳ್ಳಾರಿ ಜಾಲಿ ಊರೆಲ್ಲ ಬೆಳೆದಿದೆಯಲ್ಲ ಎನ್ನುವವರಿಗೆ ಹೇಳುವುದೂ ಇದನ್ನೇ: ಆ ಸೊಟ್ಟ ಕೊಂಬೆಯಿಂದ ನೇರ ಪಟ್ಟಿ ತೆಗೆಯುವಷ್ಟರಲ್ಲಿ ಹೋಗುವ ಹೊತ್ತಿಗೆ ಯಾರು ಕೂಲಿ ಕೊಡುತ್ತಾರೆ? ಅದಕ್ಕೇ ಅದು ಉರುವಲಾಗುತ್ತದೆ, ಇದ್ದಿಲಾಗುತ್ತದೆ.

ಈ ಮಾತು ಆಯದ ಕಾಲವನ್ನು ಹೊಗಳಿದಂತೆ ಕೇಳಬಾರದು. ಮಿಕ್ಕ ಹೊತ್ತು ಅಗ್ಗವಾಗಿದ್ದದ್ದು ಬಡಿಗೇರನಿಗೆ ಬೇರೆ ದಾರಿ ಇರಲಿಲ್ಲವೆಂದು. ಮಳೆ ಕೈಕೊಟ್ಟ ವರ್ಷ ಆಯದ ಚೀಲ ಸೊರಗುತ್ತಿತ್ತು. ಕೊಡುವ ಗೌಡರ ಮರ್ಜಿ ಕಾಯಬೇಕಿತ್ತು. ಕೆಲಸಕ್ಕೂ ಕಾಳಿಗೂ ತಾಳೆ ಬೀಳುತ್ತದೆಯೇ ಎಂದು ಅವನು ಕೇಳುವ ಹಾಗಿರಲಿಲ್ಲ. ಸೈಟಿಗೆ ಹೋಗಿ ನಗದು ಎಣಿಸಿಕೊಳ್ಳುವ ಅವನ ಮಗ ಚೌಕಟ್ಟು ಮಾಡುವುದಿಲ್ಲವೆಂದರೆ ಅದರಲ್ಲಿ ನಷ್ಟವಾದದ್ದು ಅವನಿಗಲ್ಲ. ಕೊಳ್ಳುವವರ ಆಸೆಯೂ ಬದಲಾಯಿತು ಎಂಬುದೂ ಸುಳ್ಳಲ್ಲ: ಮದುವೆಗೆ ಆಳೆತ್ತರದ ಕನ್ನಡಿಯ ತಿಜೋರಿ ಕೊಡುವ ರೂಢಿ ಬಂದ ಮೇಲೆ ಗೋಡೆಯ ಚಿಕ್ಕ ಕನ್ನಡಿ ಬಚ್ಚಲ ಕಡೆ ಸರಿಯಿತು, ಅಲ್ಲಿಗೆ ಕಟ್ಟಿಗೆಗಿಂತ ಪ್ಲಾಸ್ಟಿಕ್ಕೇ ವಾಸಿ. ಆದರೆ ಆಸೆ ಬದಲಾದದ್ದು ಚೌಕಟ್ಟು ತನ್ನ ಪುಕ್ಕಟೆ ಕಟ್ಟಿಗೆಯನ್ನೂ ಅಗ್ಗದ ಹೊತ್ತನ್ನೂ ಕಳೆದುಕೊಂಡ ನಂತರದ ಮಾತು. ತಿಜೋರಿ ಇಲ್ಲದ ಮನೆಗಳೂ ಬಡಿಗೇರರ ಬಳಿಗೆ ಹೋಗುವುದನ್ನು ಬಿಟ್ಟಿದ್ದವು, ಹೋದರೆ ಕಟ್ಟೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಹಳೆ ಬಂಡಿಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಅವುಗಳ ಗಾಲಿಗಳನ್ನು ವ್ಯಾಪಾರಿಗಳು ಕೊಂಡೊಯ್ಯುತ್ತಾರೆ. ಉಜ್ಜಿ, ಪಾಲಿಶ್ ಹಚ್ಚಿ, ನಡುವೆ ದುಂಡು ಕನ್ನಡಿ ಕೂರಿಸಿದ ಅಂಥ ಗಾಲಿ ದೊಡ್ಡ ಊರಿನ ರೆಸಾರ್ಟು, ಹೋಟೆಲುಗಳ ಗೋಡೆ ಏರುತ್ತದೆ. ಕಟ್ಟಿಗೆ ಅದೇ ಹೊಲದ್ದು, ಪಳಗಿದ ಬಗೆಯೂ ಅದೇ. ಈಗ ಅದಕ್ಕೆ ಕೇಳುವ ಬೆಲೆಯಲ್ಲಿ ಸಂತೆಯ ಪ್ಲಾಸ್ಟಿಕ್ ಕನ್ನಡಿಗಳನ್ನು ಓಣಿಗೆಲ್ಲ ಹಂಚಬಹುದು.