ಆಕ್ ಎಂಬ ಗುಮಾಸ್ತ

ನಿವೃತ್ತಿಯ ಅನಂತರ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಹಾಯನಿಧಿಯ ಲೆಕ್ಕವೂ ಒಂದು. ಬಡಮಕ್ಕಳ ಶುಲ್ಕಕ್ಕೆ, ಪುಸ್ತಕಕ್ಕೆ ನಿಮ್ಮಲ್ಲಿ ಅನೇಕರು ಕಳುಹಿಸುವ ಹಣವದು. ಒಂದೊಂದು ವರ್ಷದ ತಂಡದವರಿಂದ ಒಂದೊಂದು ಪಟ್ಟಿ ಬರುತ್ತದೆ. ಪರರ ಹಣದಲ್ಲಿ ಒಂದು ರೂಪಾಯಿ ಆಚೀಚೆಯಾದರೂ ನಂಬಿಕೆಗೆ ಕುಂದು. ಈ ಕೆಲಸದಲ್ಲಿ ನನಗೆ ನೆರವಾಗುತ್ತಿರುವ ‘ಆಕ್’ ಎಂಬ ಪುಟ್ಟ ಗಣಕಭಾಷೆಯನ್ನು ನಿಮಗೆ ಪರಿಚಯಿಸಬೇಕೆನಿಸಿತು.

1977ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹಾನ್ ಎಂಬ ಮೂವರು ಇದನ್ನು ರಚಿಸಿದರು. ಅವರ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳೇ ಭಾಷೆಯ ಹೆಸರಾದವು. ಇದರ ರೀತಿ ಹಾಜರಿಪುಸ್ತಕದ ಮೇಲೆ ಬೆರಳಿಟ್ಟು ಓದುವ ಗುಮಾಸ್ತನದು: ಕಡತದಿಂದ ಒಂದೊಂದೇ ಸಾಲನ್ನು ತೆಗೆದುಕೊಳ್ಳುತ್ತದೆ, ಅಂಕಣಗಳಾಗಿ ಬಿಡಿಸುತ್ತದೆ, ನಾವು ಕೊಟ್ಟ ನಿಯಮಕ್ಕೆ ಹೊಂದಿದರೆ ಹೇಳಿದ ಕೆಲಸ ಮಾಡಿ ಮುಂದಿನ ಸಾಲಿಗೆ ಹೋಗುತ್ತದೆ. ಮೂರನೆಯ ಅಂಕಣದಲ್ಲಿ ಮೊತ್ತವಿದ್ದರೆ,

$3 > 500

ಎಂದಷ್ಟೇ ಬರೆದರೆ ಸಾಕು. ಐನೂರಕ್ಕಿಂತ ಹೆಚ್ಚು ಕೊಟ್ಟವರ ಸಾಲುಗಳೆಲ್ಲ ತೆರೆಯ ಮೇಲೆ ಮೂಡುತ್ತವೆ. ಇಡೀ ಪ್ರೋಗ್ರಾಮು ಇಷ್ಟೇ! ಇನ್ನೆರಡು ಪದ ಸೇರಿಸಿದರೆ ಒಟ್ಟು ಮೊತ್ತ ಸಿಗುತ್ತದೆ. ಒಬ್ಬೊಬ್ಬರು ವರ್ಷದಲ್ಲಿ ಕೊಟ್ಟದ್ದೆಷ್ಟೆಂದು ಬೇರೆ ಬೇರೆಯಾಗಿಯೂ ಕೂಡಿಸಬಹುದು. ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕಕ್ಕೂ, ಮದುವೆಯ ಆಮಂತ್ರಣದ ಪಟ್ಟಿಯಲ್ಲಿ ಎರಡು ಸಲ ಬಂದ ವಿಳಾಸವನ್ನು ಬಿಡಿಸಲಿಕ್ಕೂ ಇದು ಒದಗುತ್ತದೆ.

ಆದರೆ ಗುಮಾಸ್ತನಿಗೆ ಅಕ್ಷರ ಗೊತ್ತೇ ಹೊರತು ಮನುಷ್ಯರು ಗೊತ್ತಿಲ್ಲ. ‘ಮಂಜುನಾಥ’ ಮತ್ತು ‘ಮಂಜುನಾಥ್’ ಅದರ ಕಣ್ಣಿಗೆ ಇಬ್ಬರು. ‘ಕೊ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಸಂಕೇತಿಸಬಹುದಾದ್ದರಿಂದ, ತೆರೆಯ ಮೇಲೆ ಒಂದೇ ಆಗಿ ಕಾಣುವ ಎರಡು ಹೆಸರುಗಳೂ ಅದಕ್ಕೆ ಬೇರೆಯಾಗಬಹುದು. ಯಾರಾದರೂ ಅಭಿಮಾನದಿಂದ ೫೦೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ, ಕೂಡುವಾಗ ಅದನ್ನು ಸೊನ್ನೆಯೆಂದೇ ಎಣಿಸುತ್ತದೆ. ಕೊಟ್ಟವರ ಹಣ ಪಟ್ಟಿಯಲ್ಲಿದ್ದೂ ಮೊತ್ತದಲ್ಲಿ ಇಲ್ಲದಂತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ತದ್ವಿರುದ್ಧದ ತೊಡಕು. ನಮ್ಮ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಇಬ್ಬರು ಆರ್. ಮಂಜುನಾಥರು ಇದ್ದದ್ದು ನಿಮಗೆ ನೆನಪಿರಬಹುದು. ಒಬ್ಬ ಇಂದು ದೊಡ್ಡ ಹುದ್ದೆಯಲ್ಲಿದ್ದಾನೆ. ಇನ್ನೊಬ್ಬ ಊರಿನಲ್ಲೇ ಚಿಕ್ಕ ಅಂಗಡಿ ಇಟ್ಟುಕೊಂಡು ತಿಂಗಳಿಗೆ ನೂರು ರೂಪಾಯಿ ತಪ್ಪದೆ ಕೊಡುತ್ತಾನೆ. ಹೆಸರಿನ ಮೇಲೆ ಕೂಡಿಸಿದರೆ ಆ ನೂರು ರೂಪಾಯಿಗಳೆಲ್ಲ ದೊಡ್ಡ ಮೊತ್ತದೊಳಗೆ ಕರಗಿಹೋಗುತ್ತವೆ. ಕೊಟ್ಟವನ ಹೆಸರೇ ಅಳಿದಂತೆ. ಆದ್ದರಿಂದ ನಾನು ಹೆಸರನ್ನು ನೆಚ್ಚದೆ ಶಾಲೆಯ ದಾಖಲಾತಿ ಸಂಖ್ಯೆಯನ್ನೇ ಮೊದಲ ಅಂಕಣದಲ್ಲಿಟ್ಟು, ಅದರ ಮೇಲೆಯೇ ಲೆಕ್ಕ ಕೂಡಿಸುತ್ತೇನೆ. ಒಂದು ಶಾಲೆಯಲ್ಲಿ ಒಂದು ಸಂಖ್ಯೆ ಒಬ್ಬನಿಗೇ ಎಂಬ ನಿಯಮವನ್ನು ನಮ್ಮ ಹಿರಿಯ ಮುಖ್ಯೋಪಾಧ್ಯಾಯರು ಗಣಕವನ್ನು ಕಾಣುವ ಮೊದಲೇ ಪಾಲಿಸುತ್ತಿದ್ದರು.

ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಪಟ್ಟಿ ಕಳುಹಿಸುವಾಗ ಒಂದು ಸಾಲಿಗೆ ಒಬ್ಬರಂತೆ ದಾಖಲಾತಿ ಸಂಖ್ಯೆ, ಹೆಸರು, ಮೊತ್ತ ಇಷ್ಟನ್ನು ಇದೇ ಕ್ರಮದಲ್ಲಿ ಬರೆಯಿರಿ. ಸಂಖ್ಯೆಗಳನ್ನು ಇಂಗ್ಲಿಷ್ ಅಂಕಿಗಳಲ್ಲಿಯೇ ಬರೆಯಿರಿ. ಕನ್ನಡದ ಮೇಲಿನ ಪ್ರೀತಿಗೆ ಅದರಿಂದ ಕೊರತೆಯಿಲ್ಲ. ಸಂಖ್ಯೆ ನೆನಪಿಲ್ಲದವರು ತಮ್ಮ ವರ್ಗಾವಣೆ ಪತ್ರವನ್ನು ಹುಡುಕಿ ನೋಡಿ. ಅದೂ ಸಿಗದಿದ್ದರೆ ನನಗೆ ಫೋನು ಮಾಡಿ. ಆ ನೆಪದಲ್ಲಾದರೂ ನಾಲ್ಕು ಮಾತನಾಡಿದಂತಾಗುತ್ತದೆ.